ಮುಪ್ಪಿನ ನಾಯಿಯ ಮೈಮೇಲಿನ ಗಂಟು

ವಯಸ್ಸಾದ ನಾಯಿಗಳ ಚರ್ಮದ ಮೇಲೆ ಅಥವಾ ಚರ್ಮದ ಅಡಿಯಲ್ಲಿ ಹುಟ್ಟುವ, ಪ್ರಾಣಕ್ಕೆ ಎರವಾಗದ ಗಡ್ಡೆಗಳು ಈ ಭಾಷಣದ ವಿಷಯ. ಅವುಗಳನ್ನು ಗುರುತಿಸುವುದು ಹೇಗೆ, ಯಾವುದಕ್ಕೆ ಚಿಕಿತ್ಸೆ ಬೇಕು, ಯಾವುದನ್ನು ಹಾಗೆಯೇ ಬಿಡಬಹುದು ಎಂಬುದಷ್ಟೇ ಇಲ್ಲಿನ ಚರ್ಚೆ.

ವಿರೂಪಾಕ್ಷ ದೇವಾಲಯದ ಗೋಪುರದಿಂದ ಪೂರ್ವದ ದೊಡ್ಡ ನಂದಿಯವರೆಗೆ ಚಾಚಿರುವ ಹಂಪಿ ಬಜಾರಿನ ಕಲ್ಲುಮಂಟಪಗಳ ನೆರಳಿನಲ್ಲಿ ಮಲಗುವ ಬೀದಿನಾಯಿಗಳು, ಹೊಸಪೇಟೆಯ ಬಡಾವಣೆಗಳಲ್ಲಿ ಸಾಕಿದ ಲ್ಯಾಬ್ರಡಾರ್, ಪಗ್, ಪೊಮೆರೇನಿಯನ್‌ಗಳು, ಸಂಡೂರಿನ ಗುಡ್ಡಗಳ ತಪ್ಪಲಲ್ಲಿ ಕುರಿಹಟ್ಟಿ ಕಾಯುವ ನಾಯಿಗಳು, ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಓಡಾಡುವ ನಾಯಿಗಳು, ಇವೆಲ್ಲಕ್ಕೂ ಮುಪ್ಪು ಬರುತ್ತದೆ. ದೊಡ್ಡ ಗಾತ್ರದ ತಳಿಗಳಿಗೆ 6 ಅಥವಾ 7 ವರ್ಷಕ್ಕೇ, ಸಣ್ಣ ತಳಿಗಳಿಗೆ 9 ಅಥವಾ 10 ವರ್ಷದ ಹೊತ್ತಿಗೆ ಅದು ಆರಂಭವಾಗುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಗೊರವಯ್ಯರೆಂಬ ಭಕ್ತರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದೇ ಭಾವಿಸಿಕೊಳ್ಳುವ ಈ ಸೀಮೆಯಲ್ಲಿ ನಾಯಿಗೆ ಮನೆಯಂಗಳದಲ್ಲಷ್ಟೇ ಅಲ್ಲ, ದೇವರ ಸನ್ನಿಧಿಯಲ್ಲೂ ಸ್ಥಾನವಿದೆ. ಹಾಗಿದ್ದೂ ಮುದಿನಾಯಿಯ ಮೈಯಲ್ಲಿ ಗಂಟು ಕಂಡಾಗ ಮನೆಯವರು ಎರಡು ಅತಿಗಳಲ್ಲಿ ಒಂದಕ್ಕೆ ಒಳಗಾಗುವುದುಂಟು: ಕ್ಯಾನ್ಸರ್ ಎಂದು ಹೆದರಿ ಆಸೆ ಬಿಡುವುದು, ಇಲ್ಲವೇ ವಯಸ್ಸಿಗೆ ಬಂದದ್ದು ಎಂದು ಸುಮ್ಮನಾಗುವುದು. ಎರಡೂ ಪರೀಕ್ಷೆಗೆ ಮೊದಲೇ ಕೊಟ್ಟ ತೀರ್ಪುಗಳು. ಗಂಟನ್ನು ಮನೆಯವರ ಕೈ ಪತ್ತೆ ಮಾಡಬಲ್ಲದು. ಅದರ ಜಾತಿಯನ್ನು ಹೇಳಲು ಸೂಜಿ ಮತ್ತು ಸೂಕ್ಷ್ಮದರ್ಶಕ ಬೇಕು.

ಗಡ್ಡೆ ಎಂದರೆ ದೇಹದ ಕಟ್ಟಳೆಗೆ ಒಳಪಡದೆ ತಮ್ಮಷ್ಟಕ್ಕೆ ತಾವೇ ಹೆಚ್ಚುತ್ತ ಹೋಗುವ ಜೀವಕೋಶಗಳ ಗುಂಪು. ಹುಟ್ಟಿದ ಜಾಗದಲ್ಲೇ ನಿಧಾನವಾಗಿ ಬೆಳೆದು, ಪಕ್ಕದ ಅಂಗಾಂಶವನ್ನು ತಳ್ಳಿದರೂ ಅದರೊಳಗೆ ನುಗ್ಗದೆ, ದೂರದ ಅಂಗಗಳಿಗೆ ಹರಡದೆ ಇರುವ ಗಡ್ಡೆಯನ್ನು ನಿರಪಾಯಕಾರಿ ಅಥವಾ ಸೌಮ್ಯ ಗಡ್ಡೆ ಎನ್ನುತ್ತಾರೆ. ಸುತ್ತಲಿನ ಅಂಗಾಂಶದೊಳಕ್ಕೆ ಬೇರು ಬಿಟ್ಟು, ರಕ್ತನಾಳ ಮತ್ತು ದುಗ್ಧನಾಳಗಳ ಮೂಲಕ ಶ್ವಾಸಕೋಶ, ಯಕೃತ್ತುಗಳನ್ನು ತಲುಪಬಲ್ಲದ್ದು ಮಾರಕ ಗಡ್ಡೆ. ನಾಯಿಗಳ ಚರ್ಮದ ಗಡ್ಡೆಗಳಲ್ಲಿ ಸ್ಥೂಲವಾಗಿ ಮೂರರಲ್ಲಿ ಎರಡು ಪಾಲು ಸೌಮ್ಯವಾದವು. ಇದು ಸಮಾಧಾನದ ಸಂಗತಿ ನಿಜ. ಆದರೆ ಈ ಲೆಕ್ಕ ಸಾವಿರಾರು ನಾಯಿಗಳಿಗೆ ಅನ್ವಯಿಸುವಂಥದು. ಮನೆಯ ಮುಂದೆ ಮಲಗಿರುವ ಒಂದು ನಾಯಿಯ ಒಂದು ಗಂಟು ಯಾವ ಪಾಲಿಗೆ ಸೇರಿದ್ದು ಎಂಬುದನ್ನು ಅದು ಹೇಳುವುದಿಲ್ಲ.

ಹೀಗೆ ಸೌಮ್ಯ ಗಡ್ಡೆಗಳೇ ಹೆಚ್ಚು ಎಂದಾಯಿತು. ಅವುಗಳಲ್ಲಿ ಪದೇಪದೇ ಎದುರಾಗುವ ಬಗೆಗಳನ್ನು ಈಗ ನೋಡಬಹುದು.

ಮೊದಲನೆಯದು ಕೊಬ್ಬಿನ ಗಡ್ಡೆ, ವೈದ್ಯರ ಮಾತಿನಲ್ಲಿ ಲೈಪೋಮಾ. ಚರ್ಮದಡಿಯ ಕೊಬ್ಬಿನ ಕೋಶಗಳಿಂದಲೇ ಹುಟ್ಟುವ ಇದು ನಡುವಯಸ್ಸು ದಾಟಿದ, ಮೈತುಂಬಿಕೊಂಡ ನಾಯಿಗಳಲ್ಲಿ, ಅದರಲ್ಲೂ ಲ್ಯಾಬ್ರಡಾರ್‌ಗಳಲ್ಲಿ ಬಲು ಸಾಮಾನ್ಯ. ಎದೆಯ ಪಕ್ಕ, ಹೊಟ್ಟೆಯ ಬದಿ, ಕಂಕುಳು, ತೊಡೆಯ ಮೇಲ್ಭಾಗ ಇದರ ನೆಚ್ಚಿನ ಜಾಗಗಳು. ಹೆಬ್ಬೆರಳಿನ ಬುಡದಲ್ಲಿರುವ ಅಂಗೈಯ ಉಬ್ಬನ್ನು, ಕೈ ಸಡಿಲ ಬಿಟ್ಟಾಗ ಇನ್ನೊಂದು ಕೈಯಿಂದ ಒತ್ತಿದರೆ ಹೇಗೋ ಹಾಗೆ ಈ ಗಡ್ಡೆ ಮೆತ್ತಗೆ ತಗ್ಗುತ್ತದೆ. ಬೆರಳಿನಿಂದ ತಳ್ಳಿದರೆ ಚರ್ಮದಡಿಯಲ್ಲಿ ಅತ್ತಿತ್ತ ಜಾರುತ್ತದೆ, ಒತ್ತಿದರೆ ನಾಯಿಗೆ ನೋವಾಗುವುದಿಲ್ಲ, ಮೇಲಿನ ಕೂದಲು ಉದುರಿರುವುದಿಲ್ಲ. ಒಂದೇ ನಾಯಿಗೆ ಇಂಥವು ನಾಲ್ಕೈದು ಇರುವುದೂ ಅಪರೂಪವಲ್ಲ. ತೂಕ ಇಳಿಸಿದ ಮಾತ್ರಕ್ಕೆ ಗಡ್ಡೆ ಮಾಯವಾಗದು. ಆದರೆ ಸುತ್ತಲಿನ ಕೊಬ್ಬು ಕರಗಿದಾಗ ಅದರ ಅಂಚು ಸ್ಪಷ್ಟವಾಗುವುದರಿಂದ, ಮುಂದೆ ತೆಗೆಯಬೇಕಾಗಿ ಬಂದರೆ ಶಸ್ತ್ರವೈದ್ಯರ ಕೆಲಸ ಹಗುರಾಗುತ್ತದೆ. ಕೊಬ್ಬಿನ ಗಡ್ಡೆಗಳಲ್ಲೂ ಸ್ನಾಯುಗಳ ಎಳೆಗಳ ನಡುವೆ ನುಸುಳಿ ಬೆಳೆಯುವ ಒಂದು ಬಗೆಯಿದೆ. ಅದು ಬೆರಳಿಗೆ ಜಾರುವುದಿಲ್ಲ, ತೆಗೆದರೂ ಮರಳಿ ಬೆಳೆಯಬಲ್ಲದು.

ಎರಡನೆಯದು ಚರ್ಮದ ಎಣ್ಣೆಗ್ರಂಥಿಗಳಿಂದ, ಅಂದರೆ ಕೂದಲಿಗೆ ಜಿಡ್ಡು ಒದಗಿಸುವ ಗ್ರಂಥಿಗಳಿಂದ ಹುಟ್ಟುವ ನರೂಲಿಯಂಥ ಬೆಳವಣಿಗೆ. ಮುದಿ ಪೊಮೆರೇನಿಯನ್, ಕಾಕರ್ ಸ್ಪೇನಿಯಲ್‌ಗಳ ತಲೆ, ರೆಪ್ಪೆ, ಬೆನ್ನು, ಕಾಲುಗಳ ಮೇಲೆ ಇದು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 1 ಸೆಂಟಿಮೀಟರಿಗಿಂತ ಚಿಕ್ಕದು. ಮೇಲ್ಮೈ ತರಿತರಿ, ಕೂದಲಿಲ್ಲದ್ದು, ಜಿಡ್ಡಿನದು, ಬಣ್ಣ ನಸುಗೆಂಪು ಇಲ್ಲವೇ ಹಳದಿ. ನಾಯಿ ಕೆರೆದುಕೊಂಡಾಗಲೋ ಬಾಚಣಿಗೆ ತಗುಲಿದಾಗಲೋ ರಕ್ತ ಸೋರುವುದೇ ಇದರ ಮುಖ್ಯ ಕಾಟ. ಇದರ ಜೊತೆಗೆ ತೆಳು ತೊಟ್ಟಿನಿಂದ ನೇತಾಡುವ ಚರ್ಮದ ಕುಡಿಗಳೂ ಇರುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಮೂರನೆಯದು ಕೂದಲಿನ ಬುಡದ ಚೀಲದಂಥ ಗಂಟು. ಒಳಗೆ ಬೂದುಬಣ್ಣದ, ಗಟ್ಟಿ ಪೇಸ್ಟಿನಂಥ ದ್ರವ್ಯ ಕೂಡಿಕೊಂಡಿರುತ್ತದೆ. ಅದು ಕೀವಲ್ಲ, ಉದುರಿದ ಚರ್ಮಕೋಶಗಳ ಕೆರಾಟಿನ್ ಎಂಬ ಪದಾರ್ಥ. ಇದನ್ನು ಕುರುವೆಂದು ತಿಳಿದು ಹಿಸುಕುವವರು ಬಹಳ. ಹಿಸುಕಿದಾಗ ಚೀಲ ಹೊರಕ್ಕೆ ಒಡೆಯುವ ಬದಲು ಒಳಕ್ಕೆ ಒಡೆದರೆ, ಆ ಕೆರಾಟಿನ್ನನ್ನು ದೇಹ ಪರಕೀಯ ವಸ್ತುವೆಂದೇ ಬಗೆದು ಸುತ್ತಲೂ ತೀವ್ರ ಉರಿಯೂತ ಎಬ್ಬಿಸುತ್ತದೆ. ಕೈ ಹಾಕದೆ ಇದ್ದಿದ್ದರೆ ವರ್ಷಗಟ್ಟಲೆ ಸುಮ್ಮನಿರುತ್ತಿದ್ದ ಗಂಟು ಒಂದು ವಾರದಲ್ಲಿ ನೋವಿನ ಬಾವಾಗುವುದು ಹೀಗೆ.

ನಾಲ್ಕನೆಯದು ಗಂಡುನಾಯಿಗಳದು. ಬೀಜ ಒಡೆಸದ, ವಯಸ್ಸಾದ ಗಂಡುನಾಯಿಯ ಗುದದ್ವಾರದ ಸುತ್ತ, ಕೆಲವೊಮ್ಮೆ ಬಾಲದ ಬುಡದಲ್ಲಿ ದುಂಡನೆಯ ಗಂಟುಗಳು ಏಳುತ್ತವೆ. ಅಲ್ಲಿನ ಗ್ರಂಥಿಗಳು ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ಬಲದಿಂದ ಬೆಳೆಯುವಂಥವು. ಆದ್ದರಿಂದ ಬೀಜ ತೆಗೆದರೆ ಈ ಗಡ್ಡೆಗಳಲ್ಲಿ ಹೆಚ್ಚಿನವು ಕೆಲವು ತಿಂಗಳಲ್ಲಿ ತಾವಾಗಿಯೇ ಕುಗ್ಗುತ್ತವೆ. ಚರ್ಮದ ಗಡ್ಡೆಗಳ ಚಿಕಿತ್ಸೆಯಲ್ಲಿ ಇಷ್ಟು ನೇರವಾದ ಕಾರ್ಯಕಾರಣ ಸಂಬಂಧ ಇನ್ನೊಂದು ಸಿಗುವುದು ಕಷ್ಟ. ಬೀಜ ಒಡೆಸಿದ ನಾಯಿಯಲ್ಲೋ ಹೆಣ್ಣುನಾಯಿಯಲ್ಲೋ ಅದೇ ಜಾಗದಲ್ಲಿ ಗಂಟು ಎದ್ದರೆ ಮಾತ್ರ ಹೆಚ್ಚು ಸಂದೇಹದಿಂದ ನೋಡಬೇಕು.

ಬಿಸಿಲಿನ ಮಾತನ್ನೂ ಇಲ್ಲಿ ಸೇರಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಈ ಭಾಗದಲ್ಲಿ, ಹೊಟ್ಟೆಯ ಕಡೆ ಕೂದಲು ತೆಳುವಾಗಿರುವ ಬಿಳಿಮೈ ನಾಯಿಗಳ ಚರ್ಮದ ಮೇಲೆ ವರ್ಷಾನುವರ್ಷದ ಬಿಸಿಲಿನಿಂದ ಕಡುಗೆಂಪು ರಕ್ತನಾಳದ ಗಡ್ಡೆಗಳು ಮೂಡಬಹುದು. ಅವುಗಳಲ್ಲಿ ಸೌಮ್ಯವಾದವೂ ಉಂಟು, ಮಾರಕವಾದವೂ ಉಂಟು. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣಬಲ್ಲವು.

ಇಲ್ಲಿಯವರೆಗೆ ಕೊಬ್ಬು, ಎಣ್ಣೆಗ್ರಂಥಿ, ಕೂದಲಬುಡ, ಗುದದ ಸುತ್ತಲಿನ ಗ್ರಂಥಿ ಇವುಗಳಿಂದ ಏಳುವ ಗಡ್ಡೆಗಳ ಪರಿಚಯವಾಯಿತು. ಮುಂದಿನ ಮಾತು ಗಡ್ಡೆಯೇ ಅಲ್ಲದ ಗಂಟುಗಳ ಕುರಿತದ್ದು.

ಹಂಪಿಯಂಥ ಕಲ್ಲಿನ ಊರಿನಲ್ಲಿ ಇವುಗಳಲ್ಲಿ ಮೊದಲು ಹೇಳಬೇಕಾದದ್ದು ಮೊಣಕೈಯ ಜಡ್ಡು. ಮಂಟಪದ ಹಾಸುಗಲ್ಲಿನ ಮೇಲೆ ವರ್ಷಗಟ್ಟಲೆ ಮಲಗಿ ಏಳುವ, ಮೈಭಾರವಿರುವ ನಾಯಿಯ ಮುಂಗಾಲಿನ ಮೊಣಕೈ ಮೂಳೆಗೂ ಕಲ್ಲಿಗೂ ನಡುವೆ ಚರ್ಮ ಸಿಕ್ಕಿಕೊಂಡು, ತನ್ನನ್ನು ಕಾಪಾಡಿಕೊಳ್ಳಲೆಂದು ದಪ್ಪಗಾಗುತ್ತ ಹೋಗುತ್ತದೆ. ಕೂದಲು ಸವೆದು, ಚರ್ಮ ಬೂದುಗಪ್ಪಾಗಿ, ನೆರಿಗೆಗಟ್ಟಿ, ಬಿರುಕು ಬಿಡುತ್ತದೆ. ಎರಡೂ ಮೊಣಕೈಗಳಲ್ಲಿ ಒಂದೇ ಎತ್ತರದಲ್ಲಿ ಇರುವುದೇ ಇದರ ಗುರುತು. ಗಡ್ಡೆಗಳು ಹೀಗೆ ಜೋಡಿಯಾಗಿ ಹುಟ್ಟುವುದು ಅಪರೂಪ. ಕೆಲವು ನಾಯಿಗಳಲ್ಲಿ ಚರ್ಮ ದಪ್ಪವಾಗುವ ಬದಲು ಅದರಡಿಯಲ್ಲಿ ನೀರು ತುಂಬಿದ ಚೀಲ ಮೂಡಿ, ಮೊಣಕೈಯಿಂದ ಜೋತುಬೀಳುತ್ತದೆ. ಇವೆರಡಕ್ಕೂ ಮುಖ್ಯ ಚಿಕಿತ್ಸೆ ಮೆತ್ತನೆಯ ಹಾಸಿಗೆ. ಒಂದು ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಸಾಕು, ಹೊಸ ಪೆಟ್ಟು ತಪ್ಪುತ್ತದೆ. ನೀರಿನ ಚೀಲವನ್ನು ಮನೆಯಲ್ಲಿ ಸೂಜಿಯಿಂದ ಚುಚ್ಚಿ ಬರಿದು ಮಾಡಿದರೆ ಸೋಂಕು ಒಳಹೊಕ್ಕು ಹೊಸ ರೋಗವೇ ಶುರುವಾಗುತ್ತದೆ.

ನರೂಲಿಯೆಂದು ತಪ್ಪಾಗಿ ಭಾವಿಸುವ, ರಕ್ತ ಕುಡಿದು ಉಬ್ಬಿದ ಉಣುಗು ಇನ್ನೊಂದು. ಕೂದಲು ಸರಿಸಿ ಬುಡ ನೋಡಿದರೆ ಅದರ ಕಾಲುಗಳು ಕಾಣುತ್ತವೆ. ಕಂಪ್ಲಿಯ ಕಡೆಯ ಗದ್ದೆ, ಹುಲ್ಲುಗಾವಲುಗಳಲ್ಲಿ ಓಡಾಡುವ ನಾಯಿಗಳ ಬೆರಳಸಂದಿಗೆ ಹುಲ್ಲಿನ ಮುಳ್ಳುತೆನೆ ಹೊಕ್ಕು, ಒಂದೆರಡು ದಿನದಲ್ಲಿ ಬಿಸಿಯಾದ, ಮುಟ್ಟಿದರೆ ನೋಯುವ ಗಂಟಾಗುತ್ತದೆ. ಸಂಡೂರಿನ ಗಣಿಸೀಮೆಯಲ್ಲಿ ತೊಂದರೆ ಬೇರೆ ಬಗೆಯದು. ಅದಿರಿನ ಕೆಂಧೂಳು ತಿಳಿಬಣ್ಣದ ಕೂದಲಿಗೆ ಹತ್ತಿ ಚರ್ಮದ ಬಣ್ಣವನ್ನೇ ಮರೆಮಾಚುವುದರಿಂದ, ಮೈ ತೊಳೆಯದೆ ಚರ್ಮದ ಕೆಂಪನ್ನು ತೀರ್ಮಾನಿಸಲಾಗದು.

ಗಡ್ಡೆ ಯಾವುದು, ಗಡ್ಡೆಯಲ್ಲದ್ದು ಯಾವುದು ಎಂಬುದನ್ನು ಇಷ್ಟರಮಟ್ಟಿಗೆ ಕೈ ಮತ್ತು ಕಣ್ಣು ಹೇಳಬಲ್ಲವು. ಅವು ಸೋಲುವ ಜಾಗ ಈಗ ಬರುತ್ತದೆ, ಮತ್ತು ಈ ಭಾಷಣದ ಅತ್ಯಂತ ಮುಖ್ಯವಾದ ಭಾಗ ಇದೇ.

ಮಾಸ್ಟ್ ಕೋಶದ ಗಡ್ಡೆ ಎಂಬುದೊಂದಿದೆ. ಮಾಸ್ಟ್ ಕೋಶಗಳು ಅಲರ್ಜಿಯ ಕೆಲಸದಲ್ಲಿ ಭಾಗವಹಿಸುವ, ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಮ್ಮೊಳಗಿನ ಕಣಗಳಲ್ಲಿ ಹೊತ್ತಿರುವ ಕೋಶಗಳು. ಇವುಗಳಿಂದ ಹುಟ್ಟುವ ಗಡ್ಡೆ ನಾಯಿಗಳ ಚರ್ಮದ ಮಾರಕ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು. ಪಗ್, ಬಾಕ್ಸರ್, ಲ್ಯಾಬ್ರಡಾರ್ ತಳಿಗಳಲ್ಲಿ ಹೆಚ್ಚು. ಇದು ಒಂದು ನಾಯಿಯಲ್ಲಿ ಕೆಂಪು ಗುಳ್ಳೆಯಂತೆ, ಇನ್ನೊಂದರಲ್ಲಿ ನರೂಲಿಯಂತೆ, ಮತ್ತೊಂದರಲ್ಲಿ ಚರ್ಮದಡಿಯ ಮೆತ್ತನೆಯ, ಜಾರುವ ಕೊಬ್ಬಿನ ಗಡ್ಡೆಯಂತೆಯೇ ಕೈಗೆ ಸಿಗುತ್ತದೆ. ಎಷ್ಟೇ ಅನುಭವಿ ವೈದ್ಯರ ಬೆರಳೂ ಇಲ್ಲಿ ಮೋಸಹೋಗಬಹುದು. ಈ ಒಂದು ಗಡ್ಡೆಯ ಕಾರಣಕ್ಕಾಗಿಯೇ, ಮುಟ್ಟಿ ನೋಡಿ ಇದು ಬರೀ ಕೊಬ್ಬು ಎಂದು ಹೇಳುವ ತೀರ್ಪನ್ನು ಒಪ್ಪಬಾರದು. ಗಂಟು ಒಂದು ದಿನ ದೊಡ್ಡದಾಗಿ ಮರುದಿನ ಕುಗ್ಗಿದರೆ, ಮುಟ್ಟಿದ ಮೇಲೆ ಸುತ್ತಲಿನ ಚರ್ಮ ಕೆಂಪೇರಿ ಊದಿಕೊಂಡರೆ, ಅದು ಹಿಸ್ಟಮಿನ್ ಹೊರಬಿದ್ದ ಸುಳಿವಾಗಿರಬಹುದು. ಅಂಥದನ್ನು ಮತ್ತೆ ಮತ್ತೆ ಹಿಸುಕಬಾರದು.

ವೈದ್ಯರಲ್ಲಿಗೆ ಹೋಗಲು ತಡಮಾಡಬಾರದ ಲಕ್ಷಣಗಳು ಇನ್ನೂ ಇವೆ. ವಾರಗಳಲ್ಲೇ ಗಾತ್ರ ಇಮ್ಮಡಿಯಾಗುವುದು, ಅಡಿಯ ಸ್ನಾಯುವಿಗೆ ಅಂಟಿಕೊಂಡು ಅಲುಗದಿರುವುದು, ಹುಣ್ಣಾಗಿ ಮಾಯದಿರುವುದು, ಉಗುರಿನ ಬುಡದಲ್ಲಿ ಅಥವಾ ಬಾಯೊಳಗೆ ಗಂಟು ಏಳುವುದು, ದವಡೆಯ ಕೆಳಗಿನ ಹಾಗೂ ಹಿಂಗಾಲಿನ ಮಂಡಿಯ ಹಿಂದಿನ ದುಗ್ಧಗ್ರಂಥಿಗಳು ದಪ್ಪಗಾಗುವುದು ಇಂಥವು. ಹೆಣ್ಣುನಾಯಿಯ ಮೊಲೆಸಾಲಿನ ಗಂಟನ್ನು ಚರ್ಮದ ಗಂಟಿನ ಲೆಕ್ಕಕ್ಕೆ ಸೇರಿಸಲೇಬಾರದು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾರಕವಾಗಿರುತ್ತವೆ. ಈ ಯಾವ ಲಕ್ಷಣವೂ ಇಲ್ಲದಿದ್ದರೂ, 1 ಸೆಂಟಿಮೀಟರಿಗಿಂತ ದೊಡ್ಡದಾದ ಅಥವಾ ಒಂದು ತಿಂಗಳಾದರೂ ಹೋಗದ ಯಾವ ಗಂಟನ್ನೂ ಸೂಜಿ ಪರೀಕ್ಷೆಗೆ ಒಳಪಡಿಸುವುದು ಉಚಿತ. 1 ಸೆಂಟಿಮೀಟರ್ ಎಂದರೆ ಸುಮಾರಾಗಿ ಕಿರುಬೆರಳಿನ ಉಗುರಿನ ಅಗಲ.

ಸೂಜಿ ಪರೀಕ್ಷೆಗೆ ಹೆದರುವ ಕಾರಣವಿಲ್ಲ. ಸಾಮಾನ್ಯವಾಗಿ ನಾಯಿಗೆ ಅರಿವಳಿಕೆ ಬೇಕಾಗುವುದಿಲ್ಲ. ಚುಚ್ಚುಮದ್ದಿಗೆ ಬಳಸುವಂಥದೇ 22 ಅಥವಾ 23 ಗೇಜಿನ ತೆಳು ಸೂಜಿಯನ್ನು ಸಿರಿಂಜಿಗೆ ಜೋಡಿಸಿ, ಗಂಟು ಅಲುಗದಂತೆ ಎರಡು ಬೆರಳ ನಡುವೆ ಹಿಡಿದು, ಒಳಗೆ ತೂರಿಸಿ, ದಿಕ್ಕು ಬದಲಿಸುತ್ತ ನಾಲ್ಕಾರು ಬಾರಿ ಹಿಂದೆ ಮುಂದೆ ಆಡಿಸಲಾಗುತ್ತದೆ. ಸೂಜಿಯ ಕೊಳವೆಯಲ್ಲಿ ಸಿಕ್ಕಿದ ಅಲ್ಪ ದ್ರವ್ಯವನ್ನು ಗಾಜಿನ ಪಟ್ಟಿಯ ಮೇಲೆ ಊದಿ, ಇನ್ನೊಂದು ಪಟ್ಟಿಯಿಂದ ಮೆಲ್ಲಗೆ ಎಳೆದು ಹರಡಿ, ಗಾಳಿಯಲ್ಲಿ ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಕೊಬ್ಬಿನ ಗಡ್ಡೆಯದಾದರೆ ಪಟ್ಟಿಯ ಮೇಲೆ ಒಣಗದ ಜಿಡ್ಡಿನ ಹನಿಗಳು ಉಳಿಯುತ್ತವೆ. ಬಣ್ಣ ಹಾಕುವ ಮುನ್ನ ಬಳಸುವ ಆಲ್ಕೋಹಾಲಿನಲ್ಲಿ ಆ ಜಿಡ್ಡು ಕರಗಿಹೋಗಿ ಪಟ್ಟಿ ಬರಿದಾಗಿಯೇ ಕಾಣುವುದೂ ಉಂಟು. ಮಾಸ್ಟ್ ಕೋಶಗಳಾದರೆ ದುಂಡನೆಯ ಕೋಶಗಳ ಒಡಲೆಲ್ಲ ನೇರಳೆ ಬಣ್ಣದ ಕಣಗಳು ಕಿಕ್ಕಿರಿದಿರುತ್ತವೆ. ಹೊರಗೆ ಒಂದೇ ತೆರನಾಗಿ ಮೆತ್ತಗಿದ್ದ ಎರಡು ಗಂಟುಗಳು ಇಲ್ಲಿ ಅರ್ಧ ಗಂಟೆಯೊಳಗೆ ಬೇರೆಬೇರೆಯಾಗಬಲ್ಲವು.

ಒಣಗಿಸಿದ ಪಟ್ಟಿಗಳನ್ನು ದೂರಕ್ಕೆ ಕಳುಹಿಸಲೂಬಹುದು. ಹೊಸಪೇಟೆ ಈಗ ವಿಜಯನಗರ ಜಿಲ್ಲೆಯ ಕೇಂದ್ರ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಸರ್ಕಾರಿ ಪಶು ಆಸ್ಪತ್ರೆಗಳು ಅಲ್ಲಿವೆ. ಹೆಚ್ಚಿನ ಪರೀಕ್ಷೆಗೆ ಗದಗ, ಬೀದರ್ ಮತ್ತು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳನ್ನು ಆಶ್ರಯಿಸಬಹುದು. ಪಟ್ಟಿಗಳನ್ನು, ಅಂಗಾಂಶ ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ದ್ರಾವಣದ ಶೀಸೆಯ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು. ಅದರ ಆವಿ ತಗುಲಿದರೆ ಕೋಶಗಳು ಬಣ್ಣ ಹಿಡಿಯುವುದಿಲ್ಲ.

ಸೂಜಿ ಗಂಟಿಗೆ ಹೆಸರು ಕೊಟ್ಟಿತು. ಇನ್ನು ಉಳಿದದ್ದು ಚಿಕಿತ್ಸೆ. ಅದಕ್ಕೆ ಮುನ್ನ, ಮನೆಮದ್ದಿನ ಹೆಸರಿನಲ್ಲಿ ನಡೆಯುವ ಹಿಂಸೆಯ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಗಂಟಿಗೆ ಎಕ್ಕದ ಹಾಲು ಹಚ್ಚುವುದು, ಸುಣ್ಣ ಮೆತ್ತುವುದು, ಕಾಯಿಸಿದ ಕಬ್ಬಿಣದಿಂದ ಬರೆ ಎಳೆಯುವುದು, ಬುಡಕ್ಕೆ ಕೂದಲೋ ದಾರವೋ ಬಿಗಿಯುವುದು, ಇವೆಲ್ಲ ಗಡ್ಡೆಯನ್ನು ಬೇರುಸಹಿತ ತೆಗೆಯದೆ ಮೇಲ್ಮೈಯನ್ನು ಕೆಡಿಸಿ ಹುಣ್ಣು ಮಾಡುತ್ತವೆ. ಹುಣ್ಣಿಗೆ ನೊಣ ಕೂತು ಎರಡೇ ದಿನದಲ್ಲಿ ಹುಳ ಬೀಳುತ್ತದೆ. ಸೌಮ್ಯ ಗಡ್ಡೆಯಿಂದ ಸಾಯದ ನಾಯಿ ಹೀಗೆ ಹುಳದ ಗಾಯದಿಂದ ಸಾಯಬಹುದು. ಮನುಷ್ಯರಿಗೆ ಕೊಡುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳೂ ನಾಯಿಯ ಜಠರದಲ್ಲಿ ರಕ್ತಸ್ರಾವ ಉಂಟುಮಾಡಿ, ಮೂತ್ರಪಿಂಡವನ್ನು ಕೆಡಿಸುತ್ತವೆ.

ಸೌಮ್ಯವೆಂದು ಖಚಿತವಾದ ಹೆಚ್ಚಿನ ಗಡ್ಡೆಗಳಿಗೆ ಔಷಧವೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ. ಆದರೆ ಲೆಕ್ಕ ಇಡಬೇಕು. ತಿಂಗಳಿಗೊಮ್ಮೆ ಮೂತಿಯಿಂದ ಬಾಲದವರೆಗೆ ಎರಡೂ ಅಂಗೈಗಳನ್ನು ಆಡಿಸಿ, ಸಿಕ್ಕ ಗಂಟಿನ ಜಾಗ, ಅಳತೆ, ದಿನಾಂಕ ಬರೆದಿಟ್ಟರೆ, ಬೆಳೆದಿದೆಯೋ ಇಲ್ಲವೋ ಎಂಬ ವೈದ್ಯರ ಪ್ರಶ್ನೆಗೆ ಊಹೆಯ ಬದಲು ಉತ್ತರ ಸಿಗುತ್ತದೆ. ಕಂಕುಳಲ್ಲಿ ಬೆಳೆದು ನಡಿಗೆಗೆ ಅಡ್ಡಿಯಾಗುವ ಕೊಬ್ಬಿನ ಗಡ್ಡೆ, ಕಣ್ಣುಗುಡ್ಡೆಗೆ ಉಜ್ಜುವ ರೆಪ್ಪೆಯ ಗಂಟು, ಪದೇಪದೇ ಒಡೆದು ರಕ್ತ ಸೋರುವ ನರೂಲಿ ಇಂಥವನ್ನು ತೆಗೆಯುವುದೇ ಒಳಿತು. ಸಣ್ಣವನ್ನು ಆ ಜಾಗವಷ್ಟೇ ಮರಗಟ್ಟುವಂತೆ ಮಾಡಿ ತೆಗೆಯಬಹುದು. ಸೌಲಭ್ಯವಿದ್ದಲ್ಲಿ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ಉದುರಿಸುವ ಕ್ರಮವೂ ಇದೆ. ದೊಡ್ಡವಕ್ಕೆ ಪೂರ್ಣ ಅರಿವಳಿಕೆ ಬೇಕು. ವಯಸ್ಸಾಗಿದೆ, ಅರಿವಳಿಕೆ ತಡೆಯದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ವಯಸ್ಸೊಂದೇ ಅಡ್ಡಿಯಲ್ಲ, ಹೃದಯದ ಬಡಿತ ಆಲಿಸಿ, ರಕ್ತಪರೀಕ್ಷೆಯಿಂದ ಯಕೃತ್ತು, ಮೂತ್ರಪಿಂಡಗಳ ಸ್ಥಿತಿ ತಿಳಿದ ಮೇಲೆ ನಿರ್ಧರಿಸಬೇಕಾದ ವಿಷಯ ಅದು. ಹಾಗೆಂದು, ಕಾಟ ಕೊಡದ ಗಡ್ಡೆಯನ್ನು ಅಂದ ಕೆಡುತ್ತದೆಂಬ ಕಾರಣಕ್ಕೆ 13 ವರ್ಷದ ನಾಯಿಯಿಂದ ತೆಗೆಸುವುದೂ ಸರಿಯಲ್ಲ.

ತೆಗೆದ ಗಡ್ಡೆಯನ್ನು ಎಸೆಯಬಾರದು. ಶೇ. 10ರ ಫಾರ್ಮಲಿನ್ ದ್ರಾವಣದಲ್ಲಿ, ಗಡ್ಡೆಯ ಹತ್ತು ಪಟ್ಟು ದ್ರವದಲ್ಲಿ ಮುಳುಗಿಸಿ ಪರೀಕ್ಷೆಗೆ ಕಳುಹಿಸಿದರೆ, ಅದರ ಜಾತಿಯಷ್ಟೇ ಅಲ್ಲ, ಅಂಚಿನಲ್ಲಿ ಏನಾದರೂ ಉಳಿದಿದೆಯೇ ಎಂಬುದೂ ತಿಳಿಯುತ್ತದೆ. ಹೊಲಿಗೆ ಬಿಚ್ಚುವ 10ರಿಂದ 14 ದಿನಗಳವರೆಗೆ ನಾಯಿ ಗಾಯ ನೆಕ್ಕದಂತೆ ಕೊರಳಿಗೆ ಶಂಕುವಿನಾಕಾರದ ಅಗಲ ಪಟ್ಟಿ ಹಾಕಬೇಕು. ನೆಕ್ಕಿದರೆ ಗಾಯ ಬೇಗ ಮಾಯುತ್ತದೆಂಬ ನಂಬಿಕೆಯಿಂದ ಎಷ್ಟೋ ಹೊಲಿಗೆಗಳು ಕಿತ್ತುಹೋಗಿವೆ.

ಮನೆಯ ನಾಯಿಯ ಮಾತು ಇಷ್ಟಾಯಿತು. ಬಜಾರಿನ ನಾಯಿಗೆ ಸಂಬಂಧಿಸಿದ ಒಂದು ಗಡ್ಡೆ ಉಳಿದಿದೆ. ಬೀದಿನಾಯಿಗಳ ಜನನಾಂಗದಲ್ಲಿ, ಕೆಲವೊಮ್ಮೆ ಮೂಗು ಹಾಗೂ ಚರ್ಮದ ಮೇಲೆ, ಮುಟ್ಟಿದರೆ ರಕ್ತ ಜಿನುಗುವ ಕೆಂಪು ಗಡ್ಡೆ ಬೆಳೆಯುವುದುಂಟು. ಕೂಡುವಾಗ, ಮೂಸುವಾಗ, ನೆಕ್ಕುವಾಗ ಒಂದು ನಾಯಿಯ ಗಡ್ಡೆಯ ಜೀವಂತ ಕೋಶಗಳೇ ಇನ್ನೊಂದಕ್ಕೆ ದಾಟಿ ನೆಲೆಯೂರುವ ಈ ರೋಗ ಸಾವಿರಾರು ವರ್ಷಗಳಿಂದ ನಾಯಿಯಿಂದ ನಾಯಿಗೆ ನಡೆದು ಬಂದಿದೆ. ಮನುಷ್ಯರಿಗೆ ಇದು ಅಂಟುವುದಿಲ್ಲ. ಕಣ್ಣಿಗೆ ಭೀಕರವಾಗಿ ಕಂಡರೂ ಗುಣವಾಗುವ ವಿಷಯದಲ್ಲಿ ಇದು ಬಹಳ ಆಶಾದಾಯಕ: ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟರೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಬಹುಪಾಲು ನಾಯಿಗಳು ಪೂರ್ಣ ಗುಣವಾಗುತ್ತವೆ. ಗುರುತಿಲ್ಲದ ನಾಯಿಯನ್ನು ಹಿಡಿಯಲು ಸಾಮಾನ್ಯರು ಹೋಗಬಾರದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಚಿಕಿತ್ಸೆ ನೀಡುವ ವೈದ್ಯರಿಗೆ ಇಲ್ಲಿ ಎದುರಾಗುವ ತೊಡಕು ಔಷಧದ್ದಲ್ಲ. ಮೊದಲ ಚುಚ್ಚುಮದ್ದು ಪಡೆದ ನಾಯಿ ಎರಡನೆಯ ವಾರ ಕೈಗೆ ಸಿಗದೆ ಹೋದರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ಅದು ಯಾವ ಮಂಟಪದಲ್ಲಿ ಮಲಗುತ್ತದೆ, ಎಷ್ಟು ಹೊತ್ತಿಗೆ ಯಾವ ಅಂಗಡಿಯ ಮುಂದೆ ಬರುತ್ತದೆ ಎಂಬುದು ದಿನವೂ ಅದಕ್ಕೆ ಅನ್ನ ಹಾಕುವವರಿಗೆ ಗೊತ್ತಿರುತ್ತದೆ. ಆರು ವಾರವೂ ವೈದ್ಯರ ಜೊತೆ ಅವರೇ ನಿಲ್ಲಬೇಕಾಗುತ್ತದೆ.